ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳಲು ಹೊರಟಿದ್ದೀರಾ? ಟಾರ್ಚ್ ಮರೆಯಬೇಡಿ

"ಚಿಕ್ಕಪ್ಪ, ನಿಮ್ಮ ಹತ್ರ ಬೆಳ್ಳಿ ಬಣ್ಣದ ಒಂದು ಡಿಜಿಟಲ್ ಕ್ಯಾಮೆರಾ ಇತ್ತಲ್ಲ, ಇನ್ನೂ ಇದೆಯಾ?"

ಡೊಂಬಿವಲಿಯಿಂದ ಅಣ್ಣನ ಮಗಳ ಫೋನು. ಕ್ಯಾಮೆರಾ ಇತ್ತು. ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ, ಮದುವೆ ಆಲ್ಬಮ್‌ಗಳ ಕೆಳಗೆ. ತೆಗೆದು ನೋಡಿದರೆ ಸೆಲ್ ಹಾಕುವ ಜಾಗದ ತುಂಬ ಬಿಳಿ, ಹಸಿರು ಪುಡಿ ಕೂತಿತ್ತು. ಒಳಗೆ ಸೆಲ್ ಬಿಟ್ಟು ಮರೆತಿದ್ದೆವು. ಅದು ಸೋರಿ ಲೋಹದ ಪಟ್ಟಿಗಳನ್ನೆಲ್ಲ ತಿಂದಿತ್ತು.

ಹಾಗಾಗಿ ಒಂದು ಶನಿವಾರ ಇಬ್ಬರೂ ವಿಟಿ ಸ್ಟೇಷನ್ನಿನಲ್ಲಿ (ಈಗಿನ ಸಿಎಸ್‌ಎಂಟಿ) ಇಳಿದು ಬೋರಾ ಬಜಾರಿಗೆ ಹೋದೆವು. ಫೋರ್ಟಿನ ಈ ಬೀದಿ ಮುಂಬೈಯ ಕ್ಯಾಮೆರಾ ಪೇಟೆ. ಅವಳೊಬ್ಬಳೇ ಅಲ್ಲ, ದಹಿಸರ್‌ನಿಂದ ಪನ್ವೇಲ್ ತನಕ ನಮ್ಮವರ ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಈಗ ಹಳೇ ಪುಟ್ಟ ಕ್ಯಾಮೆರಾ ಬೇಕು ಅನ್ನುತ್ತಿದ್ದಾರೆ. ಕೊಡಿಸುವ ಅಪ್ಪ ಅಮ್ಮನಿಗೆ ಏನು ನೋಡಿ ತರಬೇಕು ಅಂತ ಗೊತ್ತಾಗುತ್ತಿಲ್ಲ. ಬುಡದಿಂದಲೇ ಶುರು ಮಾಡೋಣ.

ಕೈಯಲ್ಲಿ ಫೋನ್ ಇರುವಾಗ ಇದು ಯಾಕೆ?

ಫೋನಿನಲ್ಲಿ ನೀವು ಒಮ್ಮೆ ಬಟನ್ ಒತ್ತಿದರೆ ಅದು ಸಾಮಾನ್ಯವಾಗಿ ಹಲವು ಫೋಟೋಗಳನ್ನು ಬೇಗಬೇಗ ತೆಗೆಯುತ್ತದೆ. ಆಮೇಲೆ ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತದೆ. ಕತ್ತಲಿದ್ದಲ್ಲಿ ಬೆಳಕು ತುಂಬುತ್ತದೆ, ಮುಖದ ಚರ್ಮ ನಯವಾಗಿಸುತ್ತದೆ. ಹಳೇ ಪುಟ್ಟ ಕ್ಯಾಮೆರಾ ಹಾಗೆಲ್ಲ ಮಾಡುವುದಿಲ್ಲ. ಒತ್ತಿದ ಕ್ಷಣಕ್ಕೆ ಒಂದೇ ಫೋಟೋ. ನೆರಳು ನೆರಳಾಗಿಯೇ ಉಳಿಯುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಫ್ಲ್ಯಾಶಿನದು. ಫೋನಿನಲ್ಲಿರುವುದು ಎಲ್‌ಇಡಿ, ಅಂದರೆ ಸಣ್ಣ ಟಾರ್ಚ್. ಕ್ಯಾಮೆರಾದಲ್ಲಿರುವುದು ಝೆನಾನ್ ಅನಿಲ ತುಂಬಿದ ಕೊಳವೆ. ಅದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ ಹೊತ್ತು, ಮಿಂಚಿನ ಹಾಗೆ ಜೋರಾಗಿ ಬೆಳಗಿ ಆರುತ್ತದೆ. ಅದಕ್ಕೇ ಕುಣಿಯುತ್ತಿರುವವರೂ ನಿಂತ ಹಾಗೆ ಸ್ಪಷ್ಟವಾಗಿ ಬರುತ್ತಾರೆ. ಮುಖ ಬೆಳ್ಳಗೆ, ಹಿಂದೆ ಕತ್ತಲು. ಮಕ್ಕಳು ಮೆಚ್ಚಿರುವ ಹಳೇ ಫೋಟೋದ ಚಂದ ಬಹುಪಾಲು ಈ ಫ್ಲ್ಯಾಶಿನಿಂದಲೇ ಬರುವುದು.

ಹೊಸದನ್ನೇ ಕೊಳ್ಳಬಹುದಲ್ವಾ ಅಂದರೆ, ಹೊಸತು ತೀರಾ ಕಡಿಮೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಪ್ರತಿ ವರ್ಷ ಲೆಕ್ಕ ಕೊಡುತ್ತದೆ. 2010ರಲ್ಲಿ ಅದರ ಸದಸ್ಯ ಕಂಪನಿಗಳು ಜಗತ್ತಿಗೆಲ್ಲ ಸೇರಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. 2023ಕ್ಕೆ ಅದು ಸುಮಾರು 77 ಲಕ್ಷಕ್ಕೆ ಇಳಿಯಿತು. ಅದರಲ್ಲೂ ಪುಟ್ಟ ಕ್ಯಾಮೆರಾ 20 ಲಕ್ಷವೂ ಇಲ್ಲ. ಫೋನು ಬಂದ ಮೇಲೆ ಕಂಪನಿಗಳು ಅಗ್ಗದ ಮಾಡೆಲ್‌ಗಳನ್ನು ಒಂದೊಂದಾಗಿ ನಿಲ್ಲಿಸಿದವು. ಈಗ ಬೇಡಿಕೆ ಮತ್ತೆ ಬಂದಿದೆ, ಸರಕು ಮಾತ್ರ ಹಳೆಯದೇ. ಕಪಾಟು ಸೇರಿದ್ದ ಕ್ಯಾಮೆರಾಗಳೆಲ್ಲ ಈಗ ಅಂಗಡಿಗೆ ಬರುತ್ತಿರುವುದು ಅದಕ್ಕೇ.

ಮೆಗಾಪಿಕ್ಸೆಲ್ ಮತ್ತು ಅಪ್ಪದ ಕಾವಲಿ

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್. "ಇದು ಹನ್ನೆರಡು, ಅದು ಹದಿನಾರು." ಜಾಸ್ತಿ ಇದ್ದದ್ದು ಒಳ್ಳೆಯದು ಅಂತ ನಮಗೂ ಅನ್ನಿಸುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು ಸೆನ್ಸರ್ ಎಷ್ಟು ದೊಡ್ಡದು ಅಂತ.

ಲೆನ್ಸಿನ ಹಿಂದೆ ಬೆಳಕು ಬಂದು ಬೀಳುವ ಚೌಕವೇ ಸೆನ್ಸರ್. ಹಿಂದೆ ರೀಲು ಮಾಡುತ್ತಿದ್ದ ಕೆಲಸವನ್ನು ಈಗ ಇದು ಮಾಡುತ್ತದೆ. ಅದರ ಮೇಲೆ ಲಕ್ಷಾಂತರ ಗುಳಿಗಳಿವೆ ಅಂದುಕೊಳ್ಳಿ. ಒಂದೊಂದು ಗುಳಿ ಒಂದು ಪಿಕ್ಸೆಲ್. ಹತ್ತು ಲಕ್ಷ ಸೇರಿದರೆ ಒಂದು ಮೆಗಾಪಿಕ್ಸೆಲ್.

ಗುಳಿಯಪ್ಪ ಮಾಡುವ ಕಾವಲಿ ನೆನಪಿಸಿಕೊಳ್ಳಿ. ಘಟ್ಟದ ಮೇಲಿನವರು ಪಡ್ಡಿನ ಹಂಚು ಅನ್ನುತ್ತಾರಲ್ಲ, ಅದೇ. ಅಷ್ಟೇ ಅಗಲದ ಕಾವಲಿಯಲ್ಲಿ ಏಳು ಗುಳಿ ಮಾಡಬಹುದು, ಇಪ್ಪತ್ತೂ ಮಾಡಬಹುದು. ಇಪ್ಪತ್ತು ಮಾಡಿದರೆ ಎಣಿಕೆ ಜಾಸ್ತಿ, ಆದರೆ ಒಂದೊಂದರಲ್ಲಿ ಹಿಡಿಯುವ ಹಿಟ್ಟು ಕಡಿಮೆ. ಸೆನ್ಸರಿನಲ್ಲಿ ಹಿಟ್ಟಿನ ಬದಲು ಬೆಳಕು. ಬಿಸಿಲಿದ್ದಾಗ ಎಲ್ಲ ಗುಳಿಯೂ ತುಂಬುತ್ತದೆ, ತೊಂದರೆ ಇಲ್ಲ. ಸಂಜೆಯಾದ ಮೇಲೆ, ಮದುವೆ ಹಾಲಿನಲ್ಲಿ, ಲೋಕಲ್ ಟ್ರೈನಿನ ಒಳಗೆ ಬೆಳಕು ಸಾಲದು. ಆಗ ಫೋಟೋ ತುಂಬ ಬಣ್ಣಬಣ್ಣದ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದನ್ನೇ ನಾಯ್ಸ್ ಅನ್ನುವುದು.

ಸಾಮಾನ್ಯ ಪುಟ್ಟ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ತೊಗರಿ ಬೇಳೆಯಷ್ಟೇ. "1 ಇಂಚಿನ ಸೆನ್ಸರ್" ಅಂತ ಕರೆಸಿಕೊಳ್ಳುವುದು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಅದರಲ್ಲಿ ಯಾವ ಅಳತೆಯೂ ಒಂದು ಇಂಚಿಲ್ಲ. ಹಳೇ ವಿಡಿಯೋ ಕ್ಯಾಮೆರಾಗಳ ಗಾಜಿನ ಕೊಳವೆಯ ಕಾಲದಿಂದ ಬಂದ ಹೆಸರು ಅದು. ಆದರೆ ವಿಸ್ತೀರ್ಣ ಬೇಳೆಯಷ್ಟಿರುವುದಕ್ಕಿಂತ ಸುಮಾರು ನಾಲ್ಕು ಪಟ್ಟು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100, 2014ರ ಕ್ಯಾನನ್ ಜಿ7 ಎಕ್ಸ್, ಇವೆರಡರ ಮುಂದಿನ ಮಾಡೆಲ್‌ಗಳು ಈ ದೊಡ್ಡ ಸೆನ್ಸರಿನವು. ಹಾಗಾಗಿಯೇ ಹಳೆಯದಾದರೂ ಅವುಗಳ ಬೆಲೆ ತೀರಾ ಇಳಿದಿಲ್ಲ. ನಡುವಿನ ಅಳತೆಯವೂ ಇವೆ. ಕ್ಯಾನನ್ ಎಸ್90, ಎಸ್95, ಪ್ಯಾನಾಸೋನಿಕ್ ಎಲ್‌ಎಕ್ಸ್5 ಥರದವು. ಖರ್ಚು ತಗ್ಗಿಸಿ ಒಳ್ಳೆಯದನ್ನೇ ಹುಡುಕುವವರಿಗೆ ನಾನು ಹೇಳುವುದು ಈ ನಡುವಿನ ಸಾಲನ್ನು.

ಹಾಗಾದರೆ ಎಷ್ಟು ಮೆಗಾಪಿಕ್ಸೆಲ್ ಸಾಕು? ಆಲ್ಬಮ್ಮಿಗೆ ಹಾಕುವ 4x6 ಇಂಚಿನ ಪ್ರಿಂಟಿಗೆ ಬೇಕಾದ್ದು ಸುಮಾರು 2 ಮೆಗಾಪಿಕ್ಸೆಲ್. 10 ಇದ್ದರೆ ಹನ್ನೆರಡು ಇಂಚು ಅಗಲದ ಪ್ರಿಂಟ್ ಕೂಡ ಚೆನ್ನಾಗಿ ಬರುತ್ತದೆ. ಆ ಅಂಕಿಯ ಮೇಲೆ ತಲೆ ಕೆಡಿಸಿಕೊಳ್ಳಬೇಡಿ.

ಸಿಸಿಡಿ ಅಂದರೆ ಜಾಸ್ತಿ ದುಡ್ಡು ಕೊಡಬೇಕಾ?

ಈಗ "ಸಿಸಿಡಿ ಕ್ಯಾಮೆರಾ" ಅಂತ ಬರೆದರೆ ಬೆಲೆ ಏರುತ್ತದೆ. ಸಿಸಿಡಿ, ಸಿಮೋಸ್ ಇವೆರಡೂ ಸೆನ್ಸರಿನ ಬಗೆಗಳು. ಸಿಸಿಡಿಯನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಬಾವಿಯಿಂದ ಮನೆ ತನಕ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಾರಲ್ಲ, ಸಿಸಿಡಿ ಹಾಗೆ. ಪ್ರತಿ ಗುಳಿಯ ವಿದ್ಯುತ್ತು ಪಕ್ಕದ ಗುಳಿಗೆ ದಾಟುತ್ತಾ ಕೊನೆಗೆ ಒಂದೇ ಕಡೆ ಅಳೆಯಲ್ಪಡುತ್ತದೆ. ಸಿಮೋಸ್‌ನಲ್ಲಿ ಪ್ರತಿ ಗುಳಿಗೂ ಅದರದೇ ನಲ್ಲಿ. ಅದು ಬೇಗ ಕೆಲಸ ಮಾಡುತ್ತದೆ, ಬ್ಯಾಟರಿ ಕಡಿಮೆ ತಿನ್ನುತ್ತದೆ. ಹಾಗಾಗಿ 2010ರ ಆಸುಪಾಸಿನಿಂದ ಪುಟ್ಟ ಕ್ಯಾಮೆರಾಗಳು ಒಂದೊಂದಾಗಿ ಸಿಮೋಸ್‌ಗೆ ಬದಲಾದವು.

ಸಿಸಿಡಿಯ ಬಣ್ಣವೇ ಬೇರೆ ಅನ್ನುತ್ತಾರೆ. ಆದರೆ ಬಣ್ಣವನ್ನು ತೀರ್ಮಾನಿಸುವುದು ಸೆನ್ಸರ್ ಒಂದೇ ಅಲ್ಲ. ಅದರ ಮೇಲಿನ ಬಣ್ಣದ ಫಿಲ್ಟರು, ಲೆನ್ಸು, ಕಂಪನಿ ಒಳಗೆ ಹಾಕಿದ ಸಾಫ್ಟ್‌ವೇರ್ ಎಲ್ಲ ಸೇರಿ ಬಣ್ಣ ಬರುತ್ತದೆ. ಆ ಹೆಸರಿಗೋಸ್ಕರ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಅದೇ ಕ್ಯಾಮೆರಾದಲ್ಲಿ ತೆಗೆದ ಫೋಟೋ ನೋಡಿ, ಕಣ್ಣಿಗೆ ಹಿಡಿಸಿದರೆ ತಗೊಳ್ಳಿ.

ಮುಂಬೈಯ ಗಾಳಿಯೇ ದೊಡ್ಡ ಶತ್ರು

ಬೋರಾ ಬಜಾರಿನಲ್ಲಿ ನಾವು ನೋಡಿದ ಮೂರನೇ ಕ್ಯಾಮೆರಾ ಹೊರಗಿನಿಂದ ಹೊಸದರಂತಿತ್ತು. ಒಂದು ಗೆರೆಯೂ ಇಲ್ಲ. ಹುಡುಗಿಗೆ ಅದೇ ಬೇಕಾಗಿತ್ತು. ಕ್ಯಾಮೆರಾ ಆನ್ ಮಾಡಿ ಲೆನ್ಸು ಹೊರಬಂದ ಮೇಲೆ, ಫೋನಿನ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಒಳಗೆ ನೋಡಿದೆ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯ ಎಳೆಗಳಂತೆ ಸಣ್ಣ ಬಿಳಿ ಕವಲು. ಬೆಳಕು ತೆಗೆದರೆ ಏನೂ ಕಾಣದು. ಅವಳ ಕೈಗೆ ಟಾರ್ಚ್ ಕೊಟ್ಟೆ. ನೋಡಿ ಸುಮ್ಮನಾದಳು.

ಅದು ಫಂಗಸ್. ಉಪ್ಪಿನಕಾಯಿ ಮೇಲೆ ಬರುವ ಬೂಸ್ಟಿನ ಜಾತಿಯೇ. ಗಾಳಿಯಲ್ಲಿ ಇದರ ಬೀಜಕಣಗಳು ಯಾವಾಗಲೂ ಇರುತ್ತವೆ. ತೇವ ಜಾಸ್ತಿಯಿದ್ದು, ಕತ್ತಲಿದ್ದು, ಗಾಳಿಯಾಡದಿದ್ದರೆ ಮೊಳೆಯುತ್ತವೆ. ಮುಂಬೈಯಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಸ್ಟು ಹಿಡಿಯುವುದು ನಮಗೆ ಗೊತ್ತೇ ಇದೆ. ಚರ್ಮದ ಕೇಸಿನಲ್ಲಿ ಹಾಕಿ ಕಪಾಟಿನಲ್ಲಿಟ್ಟ ಕ್ಯಾಮೆರಾಕ್ಕೂ ಅದೇ ಗತಿ. ಚರ್ಮವೂ ತೇವ ಹಿಡಿಯುತ್ತದೆ.

ಫಂಗಸ್ ಹಿಡಿದರೆ ಫೋಟೋ ಮಂಕಾಗುತ್ತದೆ, ದೀಪದ ಸುತ್ತ ಮಂಜು ಕವಿದ ಹಾಗೆ ಕಾಣುತ್ತದೆ. ತುಂಬ ದಿನ ಬಿಟ್ಟರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನೇ ಕೊರೆಯುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗದು. ದೊಡ್ಡ ಕ್ಯಾಮೆರಾದ ಲೆನ್ಸನ್ನು ಬಿಚ್ಚಿ ಬೇರೆ ಹಾಕಬಹುದು. ಪುಟ್ಟ ಕ್ಯಾಮೆರಾದಲ್ಲಿ ಲೆನ್ಸು ದೇಹದೊಳಗೇ ಕೂತಿರುತ್ತದೆ. ಬಿಚ್ಚಿ ಸ್ವಚ್ಛ ಮಾಡುವ ಕೂಲಿ ಕ್ಯಾಮೆರಾದ ಬೆಲೆಗೇ ಸಮವಾಗಬಹುದು. ಅದಕ್ಕೇ ಹೊರಗಿನ ಗೀರು ಇದ್ದರೂ ಪರವಾಗಿಲ್ಲ, ಒಳಗಿನ ಗಾಜು ಶುಚಿಯಾಗಿರಲಿ ಅನ್ನುವುದು.

ಇನ್ನೊಂದು ಹಳೇ ಸಂಗತಿ ನಮ್ಮ ಹವೆಗೆ ನೇರ ಸಂಬಂಧಪಟ್ಟದ್ದು. 2005ರ ಅಕ್ಟೋಬರ್‌ನಲ್ಲಿ ಸೋನಿ ತಯಾರಿಸಿದ ಕೆಲವು ಸಿಸಿಡಿಗಳಲ್ಲಿ ದೋಷವಿದೆ ಅಂತ ಹೊರಬಂತು. ಸೆಕೆ ಮತ್ತು ತೇವ ಜಾಸ್ತಿಯಿರುವ ಕಡೆ ಅವು ಕೆಡುತ್ತಿದ್ದವು. ಆ ಸೆನ್ಸರನ್ನು ಕ್ಯಾನನ್, ನಿಕಾನ್, ಫ್ಯೂಜಿ ಮುಂತಾದ ಕಂಪನಿಗಳೂ ಬಳಸಿದ್ದವು. ಆಗ ಬಿಟ್ಟಿಯಾಗಿ ಸರಿಪಡಿಸಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ 2002ರಿಂದ 2005ರ ನಡುವಿನ ಕ್ಯಾಮೆರಾದಲ್ಲಿ ಮೆನು ಸರಿಯಾಗಿ ಕಾಣುತ್ತಿದ್ದು, ಚಿತ್ರ ಮಾತ್ರ ಕಪ್ಪಾಗಿಯೋ ನೇರಳೆ ಗೆರೆಗಳಾಗಿಯೋ ಬಂದರೆ ಅಲ್ಲಿಗೇ ಕೆಳಗಿಡಿ.

ಕೌಂಟರಿನ ಮುಂದೆ ನಿಂತು ಮಾಡಬೇಕಾದ ಪರೀಕ್ಷೆ

ಜೊತೆಗೆ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ತೆಗೆದ ಫೋಟೋಗಳನ್ನು ಅಂಗಡಿಯ ಹೊರಗೆ ಬಂದು ದೊಡ್ಡದಾಗಿ ನೋಡಲು ಅದೇ ದಾರಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದವೇ.

ಮೊದಲು ಬ್ಯಾಟರಿಯ ಬಾಗಿಲು ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಅದು ತೇವದಲ್ಲಿ ಕೂತಿದ್ದ ಕ್ಯಾಮೆರಾ. ಲೋಹದ ಪಟ್ಟಿಗಳು ಹೊಳೆಯುತ್ತಿರಬೇಕು, ಹಸಿರು ಹತ್ತಿರಬಾರದು. ಬ್ಯಾಟರಿಯನ್ನು ಕೌಂಟರಿನ ಗಾಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಉಬ್ಬಿದ ಲಿಥಿಯಂ ಬ್ಯಾಟರಿ ಬಳಸುವುದು ಅಪಾಯ.

ಆಮೇಲೆ ಆನ್, ಆಫ್. ಒಂದು ಸಲವಲ್ಲ, ಹತ್ತು ಸಲ. ಕಿವಿಯ ಹತ್ತಿರ ಹಿಡಿದು ಕೇಳಿ. ಲೆನ್ಸು ನಯವಾಗಿ ಹೊರಬಂದು ಒಳಹೋಗಬೇಕು. ಕರಕರ ಅಂದರೆ ಮರಳು. ಜುಹು, ಗೋರಾಯಿ ಸುತ್ತಿ ಬಂದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಒಂದು ಮರಳಿನ ಕಾಳು ಹಲ್ಲುಚಕ್ರಕ್ಕೆ ಸಿಕ್ಕಿದರೂ ಪರದೆ ಮೇಲೆ "ಲೆನ್ಸ್ ಎರರ್" ಅಂತ ಬಂದು ಎಲ್ಲ ನಿಲ್ಲುತ್ತದೆ. ಝೂಮನ್ನು ಕೊನೆ ತನಕ ಎಳೆದು ವಾಪಸ್ ತನ್ನಿ.

ಝೂಮಿನ ಬಗ್ಗೆ ಒಂದು ಮಾತು. ಆಪ್ಟಿಕಲ್ ಝೂಮ್ ಅಂದರೆ ಗಾಜು ಸರಿದು ದೂರದ್ದನ್ನು ಹತ್ತಿರ ತರುವುದು. ಡಿಜಿಟಲ್ ಝೂಮ್ ಅಂದರೆ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಶಟರ್ ಬಟನ್ನನ್ನು ಅರ್ಧ ಒತ್ತಿ ಹಿಡಿಯಿರಿ. ಹಸಿರು ಚೌಕ ಬಂದರೆ ಫೋಕಸ್ ಆಯಿತು ಅಂತ. ಹತ್ತಿರದ ಪೇಪರ್, ಬೀದಿಯ ಆಚೆ ಬದಿಯ ಬೋರ್ಡು ಎರಡಕ್ಕೂ ಮಾಡಿ ನೋಡಿ. ಬಿಳಿ ಗೋಡೆಯದೊಂದು ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಲೆನ್ಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಇನ್ನೊಂದು ತೆಗೆಯಿರಿ. ಕಪ್ಪಿನ ನಡುವೆ ಕೆಂಪು, ನೀಲಿ, ಬಿಳಿ ಚುಕ್ಕೆ ಹೊಳೆದರೆ ಆ ಪಿಕ್ಸೆಲ್‌ಗಳು ಕೆಟ್ಟಿವೆ. ಒಂದೆರಡು ಇದ್ದರೆ ಚಿಂತೆಯಿಲ್ಲ, ಹತ್ತಾರು ಇದ್ದರೆ ಬೇಡ. ಸಿಸಿಡಿ ಕ್ಯಾಮೆರಾವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿದಾಗ ಪರದೆಯಲ್ಲಿ ಉದ್ದಕ್ಕೆ ಒಂದು ಬೆಳಕಿನ ಪಟ್ಟೆ ಕಾಣಬಹುದು. ಅದು ಸಿಸಿಡಿಯ ಗುಣ, ದೋಷವಲ್ಲ. ಹೆದರಬೇಡಿ.

ಫ್ಲ್ಯಾಶ್ ನಾಲ್ಕೈದು ಸಲ ಹೊಡೆಸಿ. ನಡುವೆ ಕೆಲವು ಸೆಕೆಂಡ್ ಕಾಯಿಸುವುದು ಸಹಜ. ಫ್ಲ್ಯಾಶ್ ಬರದಿದ್ದರೆ "ಬಿಚ್ಚಿ ನೋಡಿದರೆ ಸರಿಯಾಗುತ್ತೆ" ಅನ್ನುವ ಮಾತಿಗೆ ಮರುಳಾಗಬೇಡಿ. ಫ್ಲ್ಯಾಶಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿನ ಆಸುಪಾಸಿನ ವಿದ್ಯುತ್ತು ಕೂಡಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ತುಂಬ ಹೊತ್ತು ಉಳಿಯಬಹುದು. ಮನೆಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಕೂರುವ ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಕಾರ್ಡು, ಬ್ಯಾಟರಿ, ಭಾಷೆ

ಕ್ಯಾಮೆರಾ ಚೆನ್ನಾಗಿದ್ದೂ ಕಾರ್ಡ್ ಸಿಗದೆ ಮೂಲೆ ಸೇರುವುದುಂಟು. ಹಳೇ ಒಲಿಂಪಸ್, ಫ್ಯೂಜಿಯಲ್ಲಿ ಎಕ್ಸ್‌ಡಿ ಕಾರ್ಡ್, ಹಳೇ ಸೋನಿಯಲ್ಲಿ ಮೆಮೊರಿ ಸ್ಟಿಕ್. ಇವು ಈಗ ಹುಡುಕಿದರೆ ಮಾತ್ರ ಸಿಗುವಂಥವು. ಎಸ್‌ಡಿ ಕಾರ್ಡ್ ಹಿಡಿಸುವುದಾದರೂ ಪೂರ್ತಿ ನಿಶ್ಚಿಂತೆಯಲ್ಲ. ಮೊದಲಿನ ಎಸ್‌ಡಿ ಕಾರ್ಡ್ 2 ಜಿಬಿ ತನಕ ಮಾತ್ರ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿ ತನಕ. ಅದಕ್ಕೂ ಹಿಂದಿನ ಕ್ಯಾಮೆರಾಕ್ಕೆ ಇಂದಿನ ಕಾರ್ಡ್ ಹಾಕಿದರೆ ಓದುವುದೇ ಇಲ್ಲ. ಬೀಗ ಹಳೆಯದು, ಕೀಲಿ ಹೊಸದು ಅನ್ನುವ ಹಾಗೆ. ಕ್ಯಾಮೆರಾದ ಜೊತೆಗೇ ಕಾರ್ಡ್ ಕೇಳಿ ತಗೊಳ್ಳಿ.

ಬ್ಯಾಟರಿಯೂ ಹಾಗೆಯೇ. ಅದರ ಮೇಲಿನ ನಂಬರ್ ನೋಡಿ, ಎನ್‌ಬಿ-6ಎಲ್ ಥರದ್ದು. ಆ ನಂಬರಿನ ಹೊಸ ಬ್ಯಾಟರಿ ಸಿಗುತ್ತದಾ ಅಂತ ಅಲ್ಲೇ ವಿಚಾರಿಸಿ. ಚಾರ್ಜರ್ ಇದೆಯಾ ನೋಡಿ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ಲಿನಲ್ಲೇ ನಡೆಯುವ ಮಾಡೆಲ್‌ಗಳು, ಉದಾಹರಣೆಗೆ ಕ್ಯಾನನ್ ಪವರ್‌ಶಾಟ್ ಎ ಸಾಲಿನ ಎಷ್ಟೋ ಕ್ಯಾಮೆರಾಗಳು, ಸ್ವಲ್ಪ ದಪ್ಪ. ಆದರೆ ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಹೊಸಬರಿಗೆ ಇದು ಎಷ್ಟೋ ನೆಮ್ಮದಿ.

ಜಪಾನಿನಿಂದ ಬಂದ ಸರಕಾದರೆ ಮೆನು ತೆಗೆದು ಭಾಷೆ ನೋಡಿ. ಅಲ್ಲಿ ಮಾರಿದ ಸೋನಿ ಕ್ಯಾಮೆರಾಗಳು ಎಷ್ಟೋ ಜಪಾನಿ ಭಾಷೆಯಲ್ಲಷ್ಟೇ ಕೆಲಸ ಮಾಡುತ್ತವೆ.

ದುಡ್ಡು ಕೊಡುವ ಮುಂಚೆ

ಅಂಗಡಿಯಲ್ಲಿ ಕೊಂಡರೆ ಬೆಲೆ ತುಸು ಜಾಸ್ತಿ, ಆದರೆ "ಟೆಸ್ಟಿಂಗ್ ವಾರಂಟಿ" ಕೇಳಬಹುದು. ಅಂದರೆ ಇಂತಿಷ್ಟು ದಿನದೊಳಗೆ ಕೆಟ್ಟರೆ ವಾಪಸ್. ಎಷ್ಟು ದಿನ, ದುಡ್ಡು ವಾಪಸ್ಸಾ ಅಥವಾ ಬೇರೆ ಕ್ಯಾಮೆರಾ ಕೊಡುತ್ತಾರಾ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕ್ಯಾಮೆರಾದ ತಳದಲ್ಲಿರುವ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಲಿ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ಅರ್ಧ ಬೆಲೆಗೆ, ಬಿಲ್ಲಿಲ್ಲದೆ, ಅವಸರ ಮಾಡಿ ಕೊಡುತ್ತೇನೆ ಅಂದರೆ ಸಂಶಯ ಬರಲೇಬೇಕು.

ಆನ್‌ಲೈನಿನಲ್ಲಿ ನೋಡಿ ಬಳಸಿದವರಿಂದಲೇ ನೇರವಾಗಿ ಕೊಳ್ಳುವುದಾದರೆ, ಹಗಲು ಹೊತ್ತಿನಲ್ಲಿ ಜನ ಇರುವ ಕಡೆ ಭೇಟಿಯಾಗಿ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾಫಿ ಹೇಳಿ ಕೂತರೆ ಅರ್ಧ ಗಂಟೆ ನಿಧಾನವಾಗಿ ಪರೀಕ್ಷೆ ಮಾಡಬಹುದು. ಕೈಗೆ ಬರುವ ತನಕ ಮುಂಗಡ ಬೇಡ. "ಅಡ್ವಾನ್ಸ್ ವಾಪಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಮೋಸ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು. ಮೋಸವಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಷ್ಟು ಬಳಸಿದ್ದು ಅಂತ ತಿಳಿಯಲು ಹೊಸ ಫೋಟೋದ ಹೆಸರಿನಲ್ಲಿರುವ ನಂಬರ್ ನೋಡುವವರಿದ್ದಾರೆ. 0350 ಅಂದರೆ ಕಡಿಮೆ ಬಳಸಿದ್ದು ಅಂತ. ಅದನ್ನು ಪೂರ್ತಿ ನಂಬಬೇಡಿ. 9999 ಆದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮೆನುವಿನಲ್ಲೇ ಅಳಿಸಲೂ ಬರುತ್ತದೆ.

ಮನೆಗೆ ತಂದ ಮೇಲೆ

ಐದನೆಯ ಅಂಗಡಿಯಲ್ಲಿ ಅವಳಿಗೊಂದು ಸಿಕ್ಕಿತು. ಮೂಲೆಯಲ್ಲಿ ಬಣ್ಣ ಹೋಗಿದೆ, ಪರದೆ ಮೇಲೆ ಸಣ್ಣ ಗೀರು. ಟಾರ್ಚ್ ಹಿಡಿದರೆ ಗಾಜು ಮಾತ್ರ ತೊಳೆದಿಟ್ಟ ಹಾಗಿತ್ತು.

ಅದಕ್ಕೆ ಹಿಂದಿನವರ ಕಾರ್ಡೂ ಜೊತೆಗೇ ಬಂದಿತ್ತು, ಒಳಗೆ ಅವರ ಮನೆಯ ಫೋಟೋಗಳು. ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿಸಿದೆ. ನೀವು ಮಾರುವಾಗಲೂ ಕಾರ್ಡ್ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಅಳಿಸಿದ ಫೋಟೋವನ್ನು ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳಿವೆ. ತಾರೀಖು, ಗಂಟೆ ಸರಿ ಮಾಡಿ. ಬ್ಯಾಟರಿ ತೆಗೆದಾಗೆಲ್ಲ ತಾರೀಖು ಅಳಿಸಿಹೋಗುತ್ತಿದ್ದರೆ ಒಳಗಿನ ಚಿಕ್ಕ ಸೆಲ್ ಸತ್ತಿದೆ. ಫೋಟೋಕ್ಕೆ ಅದರಿಂದ ತೊಂದರೆಯಿಲ್ಲ. ಫೋಟೋಗಳನ್ನು ಫೋನಿಗೆ ತರಲು ಒಂದು ಕಾರ್ಡ್ ರೀಡರ್ ಸಾಕು.

ಇಡುವ ಜಾಗ ಮುಖ್ಯ. ಅಡುಗೆಮನೆಯಲ್ಲಿ ಬಳಸುವ, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ. ನೀಲಿಯದು ಗುಲಾಬಿಯಾದರೆ ಅದು ತೇವ ಕುಡಿದು ತುಂಬಿದೆ ಅಂತ, ಬದಲಾಯಿಸಬೇಕು. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಚರ್ಮದ ಕೇಸು ಹೊರಗಿರಲಿ. ತಿಂಗಳಿಗೊಮ್ಮೆ ಬಳಸದಿದ್ದರೆ ಬ್ಯಾಟರಿ ಹೊರತೆಗೆದು ಬೇರೆ ಇಡಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು, ಲೆನ್ಸು ಚಾಚಿ, ಕಿಟಕಿಯ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಹುಡುಗಿ ತನ್ನ ಡಬ್ಬಿಯ ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿ ತಾರೀಖು ಬರೆದುಕೊಂಡಿದ್ದಾಳೆ. ಮುಂದಿನ ಭಾನುವಾರ ಅದನ್ನು ತೆಗೆಯುವ ದಿನ.